ಕಾಡಿನಲ್ಲಿ ತೆಗೆದ ಫೋಟೊ ಯಾಕೆ ಕೆಟ್ಟಿತು? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಬಿನಿಗೋ ಬಂಡೀಪುರಕ್ಕೋ ಹೋಗಿಬಂದು ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ಮುಖ ಸಪ್ಪಗಾಗುವುದು ಹೊಸಬರಿಗೆ ಮಾತ್ರ ಅಲ್ಲ, ಹಳಬರಿಗೂ ಇದ್ದದ್ದೇ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿ ಕಂಡ ಆನೆ ಇಲ್ಲಿ ಮಬ್ಬು. ಆಗ ಎಲ್ಲರೂ ಮೊದಲು ಬೈಯುವುದು ಲೆನ್ಸನ್ನು. ಆದರೆ ಬಹಳ ಸಲ ಲೆನ್ಸಿಗೆ ಏನೂ ಆಗಿರುವುದಿಲ್ಲ. ಬಿಸಿ ಗಾಳಿ, ಕಡಿಮೆ ಬೆಳಕು, ಜಾಸ್ತಿ ದೂರ, ಜೀಪಿನ ಎಂಜಿನ್, ಕೈ ತಗುಲಿ ಸರಿದ ಒಂದು ಸ್ವಿಚ್, ಇಂಥದ್ದೇ ಏನೋ ಇರುತ್ತದೆ.

ಯಾವುದು ಅಂತ ತಿಳಿಯಲು ಕೆಟ್ಟ ಫೋಟೊನೇ ಬೇಕು. ಹಾಗಾಗಿ ಅದನ್ನು ಅಳಿಸಬೇಡಿ. ನೂರಕ್ಕೆ ನೂರು ಗಾತ್ರಕ್ಕೆ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ನೋಡಿ. ಕೆಳಗಿನ ಉದಾಹರಣೆಗಳು ನಾಗರಹೊಳೆ ಮತ್ತು ಬಂಡೀಪುರದ ಆನೆ, ಕಾಟಿ (ಕಾಡುಕೋಣ), ಹುಲಿಗಳವು. ಬೇರೆ ಕಾಡಿಗೂ ಇದೇ ಲೆಕ್ಕ ಹೊಂದುತ್ತದೆ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ಅಂಗಡಿಗೆ ಹೋಗಬೇಕಾದವು ಕೊನೆಗೆ.

ಒಂದು ಎಚ್ಚರಿಕೆ ಮಾತ್ರ ಶುರುವಿನಲ್ಲೇ ಹೇಳಬೇಕು. ಇಲ್ಲಿರುವ ಯಾವ ಪರೀಕ್ಷೆಗೂ ವಾಹನದಿಂದ ಇಳಿಯಬೇಕಿಲ್ಲ, ಇಳಿಯಲೂಬಾರದು. ಪ್ರಾಣಿ ಹತ್ತಿರ ಇದ್ದಾಗ ಮೆನು ಒಳಗೆ ತಲೆ ಹಾಕಿ ಕೂರಬೇಡಿ. ದೋಷ ಹುಡುಕುವ ಕೆಲಸ ರಸ್ತೆ ಖಾಲಿ ಇದ್ದಾಗ ಅಥವಾ ರೂಮಿಗೆ ಬಂದ ಮೇಲೆ.

ಲಕ್ಷಣ: ಫೋಟೊ ಮಬ್ಬಾಗಿದೆ

ಮಬ್ಬು ಅನ್ನುವುದು ಒಂದೇ ಕಾಯಿಲೆ ಅಲ್ಲ. ಕನಿಷ್ಠ ಐದು ಬೇರೆ ಬೇರೆ ದೋಷಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಿಗ್ಗಿಸಿ ನೋಡಿದಾಗ ಮಾತ್ರ ಬೇರೆಯಾಗುತ್ತವೆ.

*ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದೆ.* ಆನೆ, ಮರ, ಹುಲ್ಲು, ಎಲೆಯ ಮೇಲಿನ ಬೆಳಕಿನ ಚುಕ್ಕಿ ಎಲ್ಲವೂ ಚಿಕ್ಕ ಗೆರೆಗಳಾಗಿವೆ ಅಂದರೆ ಕ್ಯಾಮೆರಾ ಅಲ್ಲಾಡಿದೆ. ಮೊದಲು ಶಟರ್ ಸ್ಪೀಡ್, ಅಂದರೆ ಬೆಳಕಿಗೆ ಕ್ಯಾಮೆರಾದ ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಅಂತ ನೋಡಿ. ಹಳೆಯ ಲೆಕ್ಕ ಇವತ್ತಿಗೂ ಸರಿ: ಲೆನ್ಸಿನ ಫೋಕಲ್ ಲೆಂಗ್ತ್ (ಲೆನ್ಸ್ ಮೇಲೆ ಬರೆದಿರುವ ಅಂಕಿ) ಎಷ್ಟು ಎಂಎಂ ಇದೆಯೋ, ಸೆಕೆಂಡಿನ ಅಷ್ಟನೇ ಒಂದು ಭಾಗ. ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ ಹಳೆಯ 35 ಎಂಎಂ ಫಿಲ್ಮಿಗಿಂತ ಚಿಕ್ಕದು) ಇದ್ದರೆ ನಿಕಾನ್, ಸೋನಿಗಳಿಗೆ 1.5ರಿಂದ, ಕ್ಯಾನನ್‌ಗೆ 1.6ರಿಂದ ಗುಣಿಸಿ. ಅಂದರೆ ಕ್ರಾಪ್ ಕ್ಯಾಮೆರಾದಲ್ಲಿ 600 ಎಂಎಂ ಹಾಕಿದರೆ 1/1000ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ಇಳಿಯಬಹುದು, ಆದರೆ ಜೀಪಿನಲ್ಲಿ ಅದನ್ನೇ ಪೂರ್ತಿ ನಂಬಬೇಡಿ.

ಸ್ಪೀಡ್ ಸಾಕಷ್ಟಿದ್ದೂ ಹೀಗೇ ಆಗಿದ್ದರೆ ಎಂಜಿನ್ ಮೇಲೆ ಅನುಮಾನ ಪಡಿ. ಲೆನ್ಸನ್ನು ಜೀಪಿನ ಕಬ್ಬಿಣದ ಕಂಬಿ ಮೇಲೆ ನೇರವಾಗಿ ಇಟ್ಟಿದ್ದರೆ ಡೀಸೆಲ್ ಎಂಜಿನ್ನಿನ ನಡುಕ ಪೂರ್ತಿ ಒಳಗೆ ಬರುತ್ತದೆ. ನಡುವೆ ಬೀನ್‌ಬ್ಯಾಗ್ ಇರಲಿ. ಖಾಲಿ ಚೀಲ ತಂದು ಊರಿನ ಅಂಗಡಿಯಲ್ಲಿ ರಾಗಿಯನ್ನೋ ಅಕ್ಕಿಯನ್ನೋ ತುಂಬಿಸಿಕೊಂಡರೆ ಆಯಿತು. ಜಿಪ್ ಗಟ್ಟಿ ಇರಬೇಕು, ಒಂದು ಕಾಳೂ ಕಾಡಿನಲ್ಲಿ ಚೆಲ್ಲಬಾರದು. ಆಮೇಲೆ ಮೆಲ್ಲಗೆ ಕೇಳಿ: ‘ಅಣ್ಣಾ, ಒಂದ್ ನಿಮಿಷ ಎಂಜಿನ್ ಆಫ್ ಮಾಡ್ತೀರಾ?’ ಡ್ರೈವರ್ ‘ಮರಿ ಐತೆ ಸಾರ್, ಬ್ಯಾಡ’ ಅಂದರೆ ಅಲ್ಲಿಗೆ ಮುಗಿಯಿತು. ಮತ್ತೊಮ್ಮೆ ಕೇಳಬೇಡಿ. ಎಂಜಿನ್ ಚಾಲೂ ಇರಬೇಕಾದ ಕಾರಣ ಅವರಿಗೆ ಗೊತ್ತು. ಬೀನ್‌ಬ್ಯಾಗ್ ಮೇಲಿಂದ ಲೆನ್ಸನ್ನು ಎತ್ತಿ ಕೈಯಲ್ಲಿ ಹಿಡಿಯಿರಿ, ಸ್ಪೀಡ್ ಏರಿಸಿ, ಸಣ್ಣ ಸಣ್ಣ ಬರ್ಸ್ಟ್ (ಒಂದೇ ಒತ್ತಿಗೆ ಸಾಲಾಗಿ ಕೆಲವು ಫೋಟೊ) ಹೊಡೆಯಿರಿ.

ದೊಡ್ಡ ಕ್ಯಾಂಟರ್ ಬಸ್ಸಿನಲ್ಲಿ ಇನ್ನೊಂದು ತೊಂದರೆ. ಆನೆ ಕಂಡ ಕೂಡಲೇ ಎಲ್ಲರೂ ಒಂದೇ ಕಡೆಗೆ ಎದ್ದು ಬರುತ್ತಾರೆ, ಗಾಡಿ ತೂಗಾಡುತ್ತದೆ. ಅದು ನಿಲ್ಲುವ ತನಕ ಕಾಯುವುದೇ ಸರಿ. ಬೋಟ್ ಸಫಾರಿಯಲ್ಲಿ ಟ್ರೈಪಾಡ್ ಹಾಕಿದರೆ ಬೋಟಿನ ನಡುಕ ಕಾಲುಗಳ ಮೂಲಕ ಕ್ಯಾಮೆರಾಕ್ಕೆ ಹತ್ತುತ್ತದೆ. ಅಲ್ಲಿ ಕೈಯೇ ವಾಸಿ.

*ಹಿಂದಿನ ಮರ ಚೂಪಾಗಿದೆ, ಪ್ರಾಣಿ ಮಾತ್ರ ಎಳೆದಂತಿದೆ.* ಕ್ಯಾಮೆರಾ ಅಲ್ಲಾಡಿಲ್ಲ, ಪ್ರಾಣಿ ಅಲ್ಲಾಡಿದೆ. ಇದಕ್ಕೆ ಕಂಪನ ತಡೆಯುವ ಯಾವ ಸ್ವಿಚ್ಚೂ ಮದ್ದಲ್ಲ. ಸ್ಪೀಡ್ ಒಂದೇ ದಾರಿ. ನಿಧಾನ ನಡೆಯುವ ಹುಲಿಗೆ 1/500, ಮೈಮೇಲೆ ಮಣ್ಣು ಎರಚಿಕೊಳ್ಳುವ ಆನೆಗೆ 1/1000, ನೆಗೆಯುವ ಜಿಂಕೆಗೆ 1/2000. ಇವು ಆರಂಭಕ್ಕೆ ಸಾಕಾಗುವ ಅಂಕಿಗಳು. ನಿಮ್ಮ ಫೋಟೊ ನೋಡಿ ಮೇಲೆ ಕೆಳಗೆ ಮಾಡಿಕೊಳ್ಳಿ.

*ಮುಂದಿನ ಹುಲ್ಲಿನ ಒಂದೊಂದು ಎಸಳೂ ಎಣಿಸುವಂತಿದೆ, ಹುಲಿ ಮಬ್ಬು.* ಫೋಕಸ್ ಹುಲ್ಲಿಗೆ ಕೂತಿದೆ. ಕ್ಯಾಮೆರಾ ತನಗೆ ಹತ್ತಿರ ಇರುವ, ಗೆರೆ ಗೆರೆ ಇರುವ ವಸ್ತುವನ್ನೇ ಮೊದಲು ಹಿಡಿಯುತ್ತದೆ. ಬಂಡೀಪುರದ ಲಂಟಾನ ಪೊದೆಗಳ ಹಿಂದೆ ಪ್ರಾಣಿ ಇದ್ದಾಗ ಇದು ದಿನನಿತ್ಯದ ಕಥೆ. ಫೋಕಸ್ ಜಾಗವನ್ನು ಪೂರ್ತಿ ಅಗಲದಿಂದ ಒಂದೇ ಬಿಂದುವಿಗೆ ತನ್ನಿ. ಪೊದೆಯ ಸಂದಿಯಲ್ಲಿ ಕಾಣುವ ಮೈಯ ಮೇಲೆ ಅದನ್ನು ಇಡಿ. ಆಗಲೂ ಹಿಡಿಯದಿದ್ದರೆ ಕೈಯಿಂದ ರಿಂಗ್ ತಿರುಗಿಸಿ ಹುಲ್ಲನ್ನು ದಾಟಿಸಿ, ಆಮೇಲೆ ಆಟೊ ಫೋಕಸ್ ಒತ್ತಿ.

*ದಂತದ ತುದಿ ಚೂಪು, ಕಣ್ಣು ಮಬ್ಬು.* ಇಲ್ಲಿ ಕ್ಯಾಮೆರಾ ತನ್ನ ಕೆಲಸ ಮಾಡಿದೆ, ನಮಗೆ ಸಿಕ್ಕ ಆಳ ಸಾಲದಾಗಿದೆ. ಫುಲ್ ಫ್ರೇಮ್ (ಸೆನ್ಸರ್ 35 ಎಂಎಂ ಫಿಲ್ಮಿನಷ್ಟೇ ದೊಡ್ಡದಿರುವ) ಕ್ಯಾಮೆರಾದಲ್ಲಿ 600 ಎಂಎಂ ಲೆನ್ಸನ್ನು ಎಫ್ 6.3ರಲ್ಲಿ (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು) ಇಟ್ಟರೆ, 30 ಮೀಟರ್ ದೂರದಲ್ಲಿ ಚೂಪಾಗಿ ಕಾಣುವ ಆಳ ಸುಮಾರು ಒಂದು ಮೀಟರ್. 15 ಮೀಟರಿಗೆ ಬಂದರೆ ಕಾಲು ಮೀಟರ್ ಅಷ್ಟೆ. ಎದುರಿಗೆ ನಿಂತ ಸಲಗನ ದಂತದ ತುದಿಗೂ ಕಣ್ಣಿಗೂ ಅದಕ್ಕಿಂತ ಜಾಸ್ತಿ ದೂರ ಇರುತ್ತದೆ. ಎಫ್ 9ಕ್ಕೋ 11ಕ್ಕೋ ಹೋಗಿ, ಇಲ್ಲವೇ ಜೂಮ್ ಹಿಂದಕ್ಕೆ ಎಳೆಯಿರಿ. ಆನೆಯ ಕಣ್ಣು ಚಿಕ್ಕದು, ಸುತ್ತಲಿನ ಚರ್ಮದ ಬಣ್ಣದ್ದೇ. ಎಷ್ಟೋ ಸಲ ಫೋಕಸ್ ಅದರ ಮೇಲೆ ಕೂರುವುದಿಲ್ಲ. ಕಣ್ಣಿನ ಪಕ್ಕದ ಸುಕ್ಕುಗಳ ಮೇಲೆ ಬಿಂದು ಇಟ್ಟರೆ ಚೆನ್ನಾಗಿ ಹಿಡಿಯುತ್ತದೆ.

*ಎಲ್ಲೂ ಚೂಪಿಲ್ಲ, ಅಂಚುಗಳು ಅಲೆಅಲೆಯಾಗಿವೆ.* ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯ ಲೆನ್ಸುಗಳನ್ನು ಜನ ಸುಮ್ನೆ ಮಾರಿಬಿಡುವುದು ಇದೇ ಕಾರಣಕ್ಕೆ.

ಮಾರ್ಚಿನಿಂದ ಮೇ ತನಕ ಕಬಿನಿಯ ಹಿನ್ನೀರು ಇಳಿಯುತ್ತದೆ. ನೀರು ಬಿಟ್ಟುಕೊಟ್ಟ ಜಾಗದಲ್ಲಿ ಹಸಿರು ಹುಲ್ಲು ಬರುತ್ತದೆ. ಅದನ್ನು ಮೇಯಲು ಆನೆಗಳು ಹಿಂಡು ಹಿಂಡಾಗಿ ಇಳಿದು ಬರುತ್ತವೆ. ನೋಡಲು ಕಣ್ಣು ಸಾಲದು. ಆದರೆ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಆ ಬಯಲು ಕಾದಿರುತ್ತದೆ. ಬಿಸಿ ಗಾಳಿ ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ, ಎರಡರಲ್ಲೂ ಬೆಳಕು ಬೇರೆ ಬೇರೆ ರೀತಿ ಬಾಗುತ್ತದೆ. ನಿಮಗೂ ಆನೆಗೂ ನಡುವೆ ಇಂಥ ಗಾಳಿ ಇನ್ನೂರು ಮೀಟರ್ ಇದ್ದರೆ ಯಾವ ಲೆನ್ಸೂ ಏನೂ ಮಾಡಲಾರದು. ಲಕ್ಷಗಟ್ಟಲೆ ಬೆಲೆಯದ್ದೂ ಅಷ್ಟೇ.

ಪತ್ತೆ ಹಚ್ಚುವುದು ಸುಲಭ. ಕದಲದೆ ನಿಂತ ಆನೆಯದ್ದು ಹತ್ತು ಫೋಟೊ ಒಂದೇ ಬರ್ಸ್ಟಿನಲ್ಲಿ ತೆಗೆಯಿರಿ. ಒಂದಾದ ಮೇಲೆ ಒಂದು ನೋಡಿ. ಬೆನ್ನಿನ ಗೆರೆ ಪ್ರತಿ ಫೋಟೊದಲ್ಲೂ ಬೇರೆ ಬೇರೆ ಆಕಾರಕ್ಕೆ ಬಂದಿದ್ದರೆ, ಒಂದರಲ್ಲಿ ಕಿವಿ ಚೂಪು ಇನ್ನೊಂದರಲ್ಲಿ ಕಾಲು ಚೂಪು ಅಂತಿದ್ದರೆ, ಅದು ಬಿಸಿ ಗಾಳಿಯೇ. ಅದೇ ಲೆನ್ಸಿನಲ್ಲಿ ಹತ್ತಿರದ ಜಿಂಕೆ ಚೆನ್ನಾಗಿ ಬಂದಿದ್ದರೆ ಅನುಮಾನವೇ ಬೇಡ.

ಮದ್ದು ಇಷ್ಟೆ: ಬೆಳಿಗ್ಗೆ ನೆಲ ಕಾಯುವ ಮೊದಲು ತೆಗೆಯಿರಿ. ಸಂಜೆಯಾದರೆ ಬಿಸಿಲು ತಗ್ಗುವ ತನಕ ದೂರದ ಫೋಟೊ ಬಿಟ್ಟುಬಿಡಿ. ಬರಿ ನೆಲದ ಮೇಲಿಂದ ನೋಡುವುದಕ್ಕಿಂತ ಹಸಿರು ಹುಲ್ಲಿನ ಮೇಲಿಂದ ನೋಡಿದರೆ ಸ್ವಲ್ಪ ವಾಸಿ. ನಿಮ್ಮದೇ ಜೀಪಿನ ಬಾನೆಟ್ ಮೇಲಿಂದ, ಮುಂದಿನ ಜೀಪಿನ ಹೊಗೆ ಕೊಳವೆಯ ಮೇಲಿಂದ ತೆಗೆಯಬೇಡಿ, ಅಲ್ಲೂ ಗಾಳಿ ಕುಣಿಯುತ್ತಿರುತ್ತದೆ. ಟೆಲಿಕನ್ವರ್ಟರ್ (ದೂರದ್ದನ್ನು ಇನ್ನೂ ಹಿಗ್ಗಿಸಲು ಲೆನ್ಸಿನ ಹಿಂದೆ ಸೇರಿಸುವ ಗಾಜು) ಹಾಕಿದರೆ ಆನೆಯ ಜೊತೆ ಅಲೆಯೂ ದೊಡ್ಡದಾಗುತ್ತದೆ. ಆ ಹೊತ್ತಿನಲ್ಲಿ ನನ್ನ ಆಯ್ಕೆ ಅಗಲದ ಫೋಟೊ: ಹಿನ್ನೀರು, ಒಣಗಿ ನಿಂತ ಹಳೇ ಮರಗಳು, ನಡುವೆ ಚಿಕ್ಕದಾಗಿ ಹಿಂಡು. ಅಲ್ಲಿ ಅಲೆ ಕಾಣುವುದೇ ಇಲ್ಲ, ಕಬಿನಿ ಚೆನ್ನಾಗಿ ಕಾಣುತ್ತದೆ.

*ಚೂಪಿದೆ, ಆದರೆ ಹಾಲು ಬೆರೆಸಿದಂತೆ ಬೆಳ್ಳಗಿದೆ.* ಮೊದಲು ಲೆನ್ಸಿನ ಮುಂದಿನ ಗಾಜು ನೋಡಿ. ಬೆರಳಿನ ಗುರುತು, ಜೀಪಿನ ಕೆಂಪು ಧೂಳು, ಸನ್‌ಸ್ಕ್ರೀನ್ ಜಿಡ್ಡು ಇರಬಹುದು. ಧೂಳನ್ನು ಬ್ಲೋಯರಿನಿಂದ ಹಾರಿಸಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ. ನಂತರ ಯುವಿ ಫಿಲ್ಟರ್ ಬಿಚ್ಚಿ ಒಂದು ಫೋಟೊ, ಹಾಕಿ ಒಂದು ಫೋಟೊ. ಸೂರ್ಯ ಎದುರಿಗಿದ್ದಾಗ ಅಗ್ಗದ ಫಿಲ್ಟರ್ ಮಾಡುವ ಹಾನಿ ಆಗ ಗೊತ್ತಾಗುತ್ತದೆ. ಹುಡ್ (ಲೆನ್ಸ್ ಮುಂದೆ ಬಿಸಿಲು ತಡೆಯುವ ಬಳೆ) ತಿರುಗಿಸಿ ಹಾಕಿಕೊಂಡು ಓಡಾಡುವವರೂ ಇದ್ದಾರೆ. ಅದು ಮುಂದಕ್ಕೆ ಇರಲಿ.

ಬೆಳಿಗ್ಗೆ ಮೊದಲ ಅರ್ಧ ಗಂಟೆ ಮಾತ್ರ ಹೀಗಾಗುತ್ತಿದ್ದರೆ ಅದು ಎಸಿಯ ಫಲ. ರಾತ್ರಿ ಎಸಿ ರೂಮಿನಲ್ಲಿ ತಣ್ಣಗಾದ ಲೆನ್ಸಿಗೆ ಹೊರಗಿನ ತೇವದ ಗಾಳಿ ತಾಗಿದರೆ ಗಾಜಿನ ಮೇಲೆ ಹನಿ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಹೊರಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಮುಚ್ಚಿದ ಬ್ಯಾಗನ್ನು ಎಸಿ ಇಲ್ಲದ ಕಡೆ ಇಡಿ. ಹನಿ ಕೂತಿರುವಾಗ ಲೆನ್ಸ್ ಮಾತ್ರ ಕಳಚಬೇಡಿ, ತೇವ ಸೆನ್ಸರ್ ತನಕ ಹೋಗುತ್ತದೆ.

ಲಕ್ಷಣ: ಫೋಕಸ್ ಹಿಂದೆ ಮುಂದೆ ಓಡಾಡುತ್ತದೆ, ಹಿಡಿಯುವುದೇ ಇಲ್ಲ

ಇಲ್ಲಿ ಮೆನು ತೆರೆಯುವ ಮೊದಲು ಬೆರಳಿನಿಂದ ಲೆನ್ಸಿನ ಪಕ್ಕ ಸವರಿ ನೋಡಿ. ಎಎಫ್ (ಆಟೊ ಫೋಕಸ್) ಇರಬೇಕಾದ ಸ್ವಿಚ್, ಕೈಯಿಂದ ಫೋಕಸ್ ಮಾಡುವ ಎಂಎಫ್‌ಗೆ ಸರಿದಿರಬಹುದು. ಬೀನ್‌ಬ್ಯಾಗ್ ಮೇಲೆ ಲೆನ್ಸ್ ಹೊರಳಿಸುವಾಗ ಇದು ತಾನಾಗಿ ಸರಿಯುತ್ತದೆ. ಅದರ ಪಕ್ಕದಲ್ಲೇ ದೂರದ ಮಿತಿ ಹಾಕುವ ಸ್ವಿಚ್ ಇರುತ್ತದೆ. ಅದು ‘10 ಮೀಟರಿನಿಂದಾಚೆ’ ಅಂತಿದ್ದರೆ ಜೀಪಿನ ಪಕ್ಕಕ್ಕೇ ಬಂದ ಪ್ರಾಣಿಯನ್ನು ಲೆನ್ಸ್ ಹಿಡಿಯುವುದಿಲ್ಲ. ಹತ್ತಿರದ ಮಿತಿಯಲ್ಲಿ ಸಿಕ್ಕಿಬಿದ್ದಿದ್ದರೆ ದೂರದ್ದು ಹಿಡಿಯುವುದಿಲ್ಲ. ಇನ್ನೊಂದು, 150-600 ಥರದ ಜೂಮ್‌ಗಳಿಗೆ ಎರಡು ಮೂರು ಮೀಟರಿಗಿಂತ ಹತ್ತಿರದ್ದು ಕಾಣುವುದೇ ಇಲ್ಲ.

ಸ್ವಿಚ್ ಸರಿಯಿದ್ದರೆ ಬೆಳಕು ನೋಡಿ. ಎಫ್ 6.3ರ ಲೆನ್ಸಿಗೆ 1.4 ಟೆಲಿಕನ್ವರ್ಟರ್ ಹಾಕಿದರೆ ಅದು ಎಫ್ 9 ಆಗುತ್ತದೆ, 2 ಹಾಕಿದರೆ ಎಫ್ 13. ಡಿಎಸ್‌ಎಲ್‌ಆರ್‌ಗಳ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಫೋಕಸ್ ವ್ಯವಸ್ಥೆ ಎಫ್ 5.6 ತನಕ, ಕೆಲವು ಮಾಡೆಲ್‌ಗಳಲ್ಲಿ ನಡುವಿನ ಬಿಂದುಗಳು ಮಾತ್ರ ಎಫ್ 8 ತನಕ ಕೆಲಸ ಮಾಡುವಂತೆ ಮಾಡಿರುತ್ತಾರೆ. ಅದರಾಚೆ ಅದು ತಡಕಾಡುವುದು ಸಹಜ. ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಹಿಡಿಯುತ್ತದೆ, ಆದರೆ ಸಂಜೆಗತ್ತಲಲ್ಲಿ ನಿಧಾನವಾಗುತ್ತದೆ. ಕನ್ವರ್ಟರ್ ತೆಗೆದು ನೋಡಿ. ಸರಿಹೋದರೆ ಉತ್ತರ ಸಿಕ್ಕಿತು.

ಮಂಜು, ಎದುರು ಬಿಸಿಲು, ಒಂದೇ ಬಣ್ಣದ ಕಾಟಿಯ ಪಕ್ಕೆ, ಇವುಗಳ ಮೇಲೂ ಫೋಕಸ್ ಜಾರುತ್ತದೆ. ಕೊಂಬಿನ ಬುಡವನ್ನೋ ಬೆನ್ನಿನ ಅಂಚನ್ನೋ ಹುಡುಕಿ. ಗೆರೆ ಇರುವ ಕಡೆ ಹಿಡಿಯುತ್ತದೆ.

ಲಕ್ಷಣ: ಆನೆ ಕಪ್ಪು ಮುದ್ದೆ, ಕಾಟಿ ಬೂದು ಬಣ್ಣ

ಎರಡೂ ಒಂದೇ ಕಾರಣಕ್ಕೆ. ಕ್ಯಾಮೆರಾ ತಾನು ನೋಡಿದ್ದನ್ನೆಲ್ಲ ನಡುಬೂದು ಮಾಡಲು ಹೋಗುತ್ತದೆ. ಸಂಜೆ ಹೊಳೆಯುವ ಹಿನ್ನೀರಿನ ಮುಂದೆ ಆನೆ ನಿಂತರೆ ನೀರಿನ ಬೆಳಕು ಕಂಡು ಫೋಟೊವನ್ನು ಕಪ್ಪಗೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) ಪ್ಲಸ್ 1ಕ್ಕೆ ತನ್ನಿ. ಕಪ್ಪು ಕಾಟಿ ಫ್ರೇಮ್ ತುಂಬ ಇದ್ದರೆ ಅದನ್ನು ಬೆಳ್ಳಗೆ ಮಾಡುತ್ತದೆ. ಆಗ ಮೈನಸ್ 1. ಕಬಿನಿಯ ಕರಿ ಚಿರತೆ ಕಣ್ಣಿಗೆ ಬೀಳುವ ಪುಣ್ಯ ಇದ್ದರೆ ಇದನ್ನು ನೆನಪಿಡಿ, ತಿದ್ದದೇ ತೆಗೆದ ಫೋಟೊದಲ್ಲಿ ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಕಾಟಿಯಲ್ಲಿ ಸರಿ ತಪ್ಪು ಅಳೆಯಲು ಒಳ್ಳೆಯ ಗುರುತು ಇದೆ. ಅದರ ಮೈ ಕಪ್ಪಾದರೂ ಮೊಣಕಾಲಿನಿಂದ ಕೆಳಗೆ ಕಾಲ್ಚೀಲ ಹಾಕಿದಂತೆ ಬಿಳಿ. ಆ ಬಿಳಿಯಲ್ಲಿ ಕೂದಲಿನ ಎಳೆ ಕಾಣುತ್ತಿದ್ದರೆ ಬೆಳಕು ಸರಿಯಿದೆ. ಬರೀ ಬಿಳಿ ಪಟ್ಟಿಯಾಗಿದ್ದರೆ ಜಾಸ್ತಿಯಾಗಿದೆ. ಹುಲಿಗೆ ಕೆನ್ನೆಯ ಬಿಳಿ ಕೂದಲು ಇದೇ ಕೆಲಸಕ್ಕೆ ಬರುತ್ತದೆ. ಹಿಸ್ಟೋಗ್ರಾಮ್ (ಫೋಟೊದ ಬೆಳಕು ಕತ್ತಲಿನ ಗ್ರಾಫ್) ಓದಲು ಬರದವರೂ ಇದನ್ನು ನೋಡಬಹುದು. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದಿದ್ದರೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಇಲ್ಲವೇ ಅರ್ಧ) ಆಚೀಚೆ ಆದದ್ದನ್ನು ಮನೆಯಲ್ಲಿ ತಿದ್ದಬಹುದು, ಪೂರ್ತಿ ಬೆಳ್ಳಗಾದದ್ದನ್ನು ತಿದ್ದಲಾಗುವುದಿಲ್ಲ.

ಲಕ್ಷಣ: ಫೋಟೊ ತುಂಬ ಕಾಳು ಕಾಳು

ಕತ್ತಲಾದಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರುತ್ತದೆ, ಕಾಳು ಬರುತ್ತದೆ. ಇದಕ್ಕೆ ಹೆದರಿ ಐಎಸ್‌ಒ ತಗ್ಗಿಸಿ ಕಪ್ಪಗೆ ತೆಗೆದು, ಮನೆಯಲ್ಲಿ ಬೆಳಕು ಏರಿಸಿದರೆ ಕಾಳು ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. 6400ರಲ್ಲಿ ಸರಿಯಾಗಿ ತೆಗೆದದ್ದು, 1600ರಲ್ಲಿ ಕಪ್ಪಗೆ ತೆಗೆದು ಎತ್ತಿದ್ದಕ್ಕಿಂತ ಸಾಮಾನ್ಯವಾಗಿ ಕೆಟ್ಟದಿರುವುದಿಲ್ಲ. ಕಾಳನ್ನು ಸಾಫ್ಟ್‌ವೇರ್ ತೆಗೆಯುತ್ತದೆ, ಅಲ್ಲಾಡಿದ್ದನ್ನು ತೆಗೆಯುವುದಿಲ್ಲ. ಹಾಗಾಗಿ ಸ್ಪೀಡ್ ಕಾಪಾಡಿಕೊಳ್ಳಿ, ಐಎಸ್‌ಒ ಆಟೊ ಬಿಡಿ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಲಕ್ಷಣ: ಎಲ್ಲ ಫೋಟೊದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕಿ

ಸೆನ್ಸರ್ ಮೇಲೆ ಧೂಳು. ಖಾತ್ರಿ ಮಾಡಿಕೊಳ್ಳಲು ಎಫ್ 16ಕ್ಕೆ ಇಟ್ಟು ಬರಿ ಆಕಾಶ ತೆಗೆಯಿರಿ. ಮೊದಲು ಕ್ಯಾಮೆರಾದ ಒಳಗೇ ಇರುವ ಕ್ಲೀನಿಂಗ್ ಓಡಿಸಿ. ಹೋಗದಿದ್ದರೆ ರೂಮಿಗೆ ಬಂದು, ಬ್ಯಾಟರಿ ತುಂಬಿಸಿ, ಲೆನ್ಸ್ ಕಳಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು ರಬ್ಬರ್ ಬ್ಲೋಯರಿನಿಂದ ಹಾರಿಸಿ. ಬಾಯಿಂದ ಊದಬೇಡಿ, ಎಂಜಲು ಕೂರುತ್ತದೆ. ಕ್ಯಾನಿನಲ್ಲಿ ಬರುವ ಗಾಳಿಯೂ ಬೇಡ. ಅದಕ್ಕೂ ಹೋಗದ ಚುಕ್ಕಿ ಅಂಗಡಿಯವರ ಕೆಲಸ. ಬೇಸಿಗೆ ಸಫಾರಿಯಲ್ಲಿ ಜೀಪಿನೊಳಗೆ ಲೆನ್ಸ್ ಬದಲಿಸದಿದ್ದರೆ ಈ ತೊಂದರೆ ಅರ್ಧಕ್ಕರ್ಧ ಬರುವುದೇ ಇಲ್ಲ.

ಲಕ್ಷಣ: ಕ್ಯಾಮೆರಾ ಕ್ಲಿಕ್ ಆಗುವುದಿಲ್ಲ, ಎರರ್ ತೋರಿಸುತ್ತದೆ

ಹುಲಿ ದಾಟುವಾಗಲೇ ಬರ್ಸ್ಟ್ ನಿಂತುಹೋಯಿತು ಅಂದರೆ ಬಫರ್ (ಕಾರ್ಡಿಗೆ ಹೋಗುವ ಮೊದಲು ಫೋಟೊ ಕೂರುವ ಜಾಗ) ತುಂಬಿದೆ. ಕಾರ್ಡಿಗೆ ಬರೆದು ಮುಗಿಯುವ ತನಕ ಅದು ಕಾಯಿಸುತ್ತದೆ. ಗುಂಡಿ ಒತ್ತಿಯೇ ಹಿಡಿಯುವ ಬದಲು ಮೂರು ನಾಲ್ಕರಂತೆ ಬಿಟ್ಟು ಬಿಟ್ಟು ಒತ್ತಿ. ಆಗಲೂ ಸಾಲದಿದ್ದರೆ ವೇಗದ ಕಾರ್ಡ್ ಕೊಳ್ಳಬಹುದು, ಆದರೆ ನಿಮ್ಮ ಕ್ಯಾಮೆರಾ ಆ ವೇಗಕ್ಕೆ ಹೊಂದುತ್ತದಾ ಅಂತ ಮೊದಲು ನೋಡಿ.

ಕಾರ್ಡ್ ಎರರ್ ಬಂದರೆ ಎಸ್‌ಡಿ ಕಾರ್ಡಿನ ಪಕ್ಕದ ಪುಟ್ಟ ಲಾಕ್ ಕೆಳಗೆ ಜಾರಿದೆಯಾ ನೋಡಿ. ಆಫ್ ಮಾಡಿ, ತೆಗೆದು, ಮತ್ತೆ ಹಾಕಿ. ಕ್ಯಾನನ್‌ನಲ್ಲಿ ‘ಎರರ್ 02’ ಅಂದರೆ ಕಾರ್ಡ್ ತೊಂದರೆ, ‘ಎರರ್ 01’ ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಮಾತು ಕೂಡುತ್ತಿಲ್ಲ. ನಿಕಾನ್‌ನಲ್ಲಿ ಅಪರ್ಚರ್ (ಎಫ್ ಅಂಕಿ) ಜಾಗದಲ್ಲಿ ಬರಿ ‘ಎಫ್’ ಮತ್ತು ಎರಡು ಅಡ್ಡ ಗೆರೆ ಬಂದರೆ ಅದೂ ಲೆನ್ಸ್ ಸರಿಯಾಗಿ ಕೂತಿಲ್ಲ ಅಂತಲೇ. ಆಫ್ ಮಾಡಿ ಲೆನ್ಸ್ ತೆಗೆದು, ಹಿಂದಿನ ಬಂಗಾರದ ಬಣ್ಣದ ಚುಕ್ಕೆಗಳನ್ನು ಒಣ ಮೆದು ಬಟ್ಟೆಯಿಂದ ಒರೆಸಿ, ಟಕ್ ಅನ್ನುವ ತನಕ ತಿರುಗಿಸಿ ಹಾಕಿ.

ಕಾರ್ಡಿನಿಂದ ಫೋಟೊ ಮಾಯವಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಫಾರ್ಮ್ಯಾಟ್ ಮಾಡಬೇಡಿ, ಇನ್ನೊಂದು ಫೋಟೊವನ್ನೂ ಅದಕ್ಕೆ ತೆಗೆಯಬೇಡಿ. ಹಾಗೇ ಇಟ್ಟರೆ ರಿಕವರಿ ಸಾಫ್ಟ್‌ವೇರಿಗೆ ಸಿಗುವ ಸಾಧ್ಯತೆ ಜಾಸ್ತಿ.

ಕ್ಲಿಕ್ ಆದರೂ ಓಡುವ ಜಿಂಕೆಯ ಕಾಲು, ಹಿಂದಿನ ಮರಗಳು ವಾಲಿದಂತೆ ಬಂದರೆ ಎಲೆಕ್ಟ್ರಾನಿಕ್ ಶಟರ್ (ಬಾಗಿಲು ಅಲ್ಲಾಡದೆ ಸೆನ್ಸರ್ ಸಾಲು ಸಾಲಾಗಿ ಓದುವುದು) ಕಾರಣ. ಮೆಕ್ಯಾನಿಕಲ್‌ಗೆ ಬದಲಿಸಿ.

ಲಕ್ಷಣ: ಪ್ರತಿ ಫೋಟೊದಲ್ಲೂ ಪ್ರಾಣಿಯ ಬೆನ್ನು, ಇಲ್ಲವೇ ಕಿವಿ ಅಗಲಿಸಿದ ಆನೆ

ಇದನ್ನು ಯಾರೂ ದೋಷ ಅಂತ ಎಣಿಸುವುದಿಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ದೋಷ. ಪ್ರಾಣಿಗೆ ನಾವು ಜಾಸ್ತಿ ಹತ್ತಿರ ಹೋಗಿದ್ದೇವೆ ಅಂತ ಫೋಟೊ ಹೇಳುತ್ತಿದೆ.

ಆನೆ ನೆಮ್ಮದಿಯಿಂದ ಇರುವಾಗ ಅದರ ಕಿವಿ ಒಂದೇ ಸಮನೆ ಬೀಸುತ್ತಿರುತ್ತದೆ, ಬಾಲ ಆಡುತ್ತಿರುತ್ತದೆ, ಸೊಂಡಿಲು ಹುಲ್ಲು ಕೀಳುತ್ತಿರುತ್ತದೆ. ಹುಲ್ಲನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗೆ ಹಾಕಿಕೊಳ್ಳುವುದನ್ನು ನೋಡುತ್ತಾ ಕೂರಬಹುದು. ಅದು ಬದಲಾಗುವುದು ಹೀಗೆ: ಮೊದಲು ಮೇಯುವುದು ನಿಲ್ಲುತ್ತದೆ. ಕಿವಿ ಬೀಸುವುದು ನಿಲ್ಲುತ್ತದೆ. ಸೊಂಡಿಲ ತುದಿ ಎತ್ತಿ ನಮ್ಮ ಕಡೆ ವಾಸನೆ ಹಿಡಿಯುತ್ತದೆ. ಹೆಣ್ಣಾನೆಗಳು ಮರಿಯನ್ನು ನಡುವೆ ಹಾಕಿಕೊಂಡು ಒತ್ತಾಗಿ ನಿಲ್ಲುತ್ತವೆ. ಇಷ್ಟು ಕಂಡಾಗಲೇ ಕ್ಯಾಮೆರಾ ಕೆಳಗಿಳಿಸಿ, ‘ಅಣ್ಣಾ, ಹಿಂದಕ್ಕೆ ಹೋಗೋಣ’ ಅನ್ನಿ. ಆಮೇಲೆ ಬರುವುದು ಕಿವಿ ಅಗಲಿಸಿ ತಲೆ ಎತ್ತಿ ನಿಲ್ಲುವುದು, ಮುಂಗಾಲು ತೂಗುವುದು, ಮಣ್ಣು ಎರಚುವುದು, ಘೀಳಿಟ್ಟು ನಾಲ್ಕು ಹೆಜ್ಜೆ ನುಗ್ಗಿ ನಿಲ್ಲುವುದು. ಸೊಂಡಿಲು ಒಳಕ್ಕೆ ಸುರುಳಿ ಮಾಡಿ, ತಲೆ ತಗ್ಗಿಸಿ, ಸದ್ದಿಲ್ಲದೆ ಬಂದರೆ ಅದು ಬೆದರಿಕೆ ಆಗಿರಲಿಕ್ಕಿಲ್ಲ. ಎಲ್ಲರೂ ಮೆಚ್ಚುವ, ಕಿವಿ ಬಿಚ್ಚಿ ಎದುರು ನಿಂತ ಆನೆಯ ಫೋಟೊಗಳಲ್ಲಿ ಬಹುಪಾಲು ಕಾಟ ಕೊಟ್ಟು ಪಡೆದವು. ಅಂಥ ಫೋಟೊ ಬೇಕು ಅಂತ ಡ್ರೈವರ್ ಮೇಲೆ ಒತ್ತಡ ಹಾಕಬೇಡಿ.

ಸಲಗನ ಕಣ್ಣಿಗೂ ಕಿವಿಗೂ ನಡುವೆ ಕೆನ್ನೆ ಮೇಲೆ ಒದ್ದೆಯ ಕಪ್ಪು ಗೆರೆ ಇಳಿದಿದ್ದರೆ ಅದಕ್ಕೆ ಮದ ಬಂದಿದೆ. ಲೆನ್ಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಂಡವರು ತಕ್ಷಣ ಡ್ರೈವರಿಗೆ ಹೇಳಿ. ಕಾಟಿ ಅಡ್ಡಡ್ಡ ತಿರುಗಿ ತನ್ನ ಪೂರ್ತಿ ಮೈ ತೋರಿಸಿ, ತಲೆ ತಗ್ಗಿಸಿ ಬುಸುಗುಟ್ಟಿದರೆ ಅದೂ ಎಚ್ಚರಿಕೆಯೇ. ದೊಡ್ಡ ಗೂಳಿ ಒಂದು ಟನ್ ಹತ್ತಿರ ತೂಗುತ್ತದೆ. ಹುಲಿ ಕಿವಿ ಹಿಂದಕ್ಕೆ ಒತ್ತಿ ಗುರ್ ಎಂದರೆ, ಅಥವಾ ರಸ್ತೆ ದಾಟಲು ನಿಂತು ಎರಡು ಕಡೆ ಜೀಪು ನೋಡಿ ಮತ್ತೆ ಪೊದೆಗೆ ಹೋದರೆ, ಅದರ ದಾರಿಗೆ ನಾವು ಅಡ್ಡ ನಿಂತಿದ್ದೇವೆ.

ಸರಿಪಡಿಸುವುದು ಕಷ್ಟವಲ್ಲ. ದೂರ ನಿಂತು, ಮಾತು ನಿಲ್ಲಿಸಿ, ಕಾಯಿರಿ. ಜೀಪು ಸುಮ್ನೆ ನಿಂತಿದ್ದರೆ ಎಷ್ಟೋ ಸಲ ಪ್ರಾಣಿ ಮತ್ತೆ ತನ್ನ ಕೆಲಸಕ್ಕೆ ಹೋಗುತ್ತದೆ, ಆಗ ಮುಖವೂ ಸಿಗುತ್ತದೆ. ಸದ್ದಿಲ್ಲದ ಶಟರ್ ಇದ್ದರೆ ಬಳಸಿ. ಸಫಾರಿಯ ಹೊರಗೆ, ಬಂಡೀಪುರದ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಆನೆ ಫೋಟೊ ತೆಗೆಯುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಪ್ರಾಣಿಗಳಿಗೆ ರಾತ್ರಿಯಾದರೂ ನೆಮ್ಮದಿ ಇರಲಿ ಅಂತ ಆ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚುತ್ತಾರೆ. ಹಗಲಿನಲ್ಲೂ ಅವುಗಳಿಗೆ ದಾಟಲು ಜಾಗ ಬೇಕಲ್ವಾ?

ಲಕ್ಷಣ: ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು

ಬೂಷ್ಟು. ಮಲೆನಾಡು, ಕರಾವಳಿಯವರಿಗೆ ಮಳೆಗಾಲ ಕಳೆದ ಮೇಲೆ ಇದು ಕಾಣಿಸುತ್ತದೆ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಬೇಡ, ಫೋಟೊಗೆ ಅದು ಬರುವುದಿಲ್ಲ. ಎಳೆ ಎಳೆಯಾಗಿ ಹರಡಿದ್ದರೆ ತಡ ಮಾಡಬೇಡಿ, ಬೂಷ್ಟು ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಮನೆಯಲ್ಲಿ ಬಿಚ್ಚಲೂ ಹೋಗಬೇಡಿ. ದೊಡ್ಡ ಲೆನ್ಸಿನಲ್ಲಿ ಗಾಜುಗಳು ಕೂದಲೆಳೆಯಷ್ಟು ಸರಿದರೂ ಕೆಲಸ ಕೆಡುತ್ತದೆ.

ಬಾರದಂತೆ ನೋಡಿಕೊಳ್ಳಲು ತೇವ 40ರಿಂದ 50 ಶೇಕಡಾ ಇರುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅದು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ಸಾಕು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಬೂಷ್ಟಿಗೆ ಚರ್ಮ ಅಂದರೆ ಬಹಳ ಇಷ್ಟ.

ಎಲ್ಲ ನೋಡಿದರೂ ಸರಿಹೋಗಿಲ್ಲ

ಈಗ ಲೆನ್ಸ್ ಮೇಲೆ ಅನುಮಾನ ಪಡಬಹುದು. ಮನೆಯಲ್ಲೇ ಎರಡು ಪರೀಕ್ಷೆ ಮಾಡಿ.

ಡಿಎಸ್‌ಎಲ್‌ಆರ್ ಆದರೆ ಟ್ರೈಪಾಡ್ ಮೇಲೆ ಇಟ್ಟು, ಹತ್ತು ಮೀಟರ್ ದೂರದಲ್ಲಿ ಅಕ್ಷರ ಇರುವ ಡಬ್ಬ ನಿಲ್ಲಿಸಿ. ವ್ಯೂಫೈಂಡರಿನಿಂದ (ಕಣ್ಣಿಟ್ಟು ನೋಡುವ ಕಿಂಡಿ) ಫೋಕಸ್ ಮಾಡಿ ಐದಾರು, ಲೈವ್ ವ್ಯೂನಿಂದ (ಹಿಂದಿನ ಪರದೆ ನೋಡಿ) ಐದಾರು ಫೋಟೊ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಮಾಡಬೇಕು. ಲೈವ್ ವ್ಯೂನದು ಚೂಪು, ವ್ಯೂಫೈಂಡರಿನದು ಯಾವಾಗಲೂ ಮಬ್ಬು ಅಂತಾದರೆ ಫೋಕಸ್ ಮುಂದೆಯೋ ಹಿಂದೆಯೋ ಬೀಳುತ್ತಿದೆ. ಕ್ಯಾಮೆರಾದಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ಸೆಟ್ಟಿಂಗ್) ಇದ್ದರೆ ನೀವೇ ಸರಿ ಮಾಡಬಹುದು.

ಇನ್ನೊಂದು: ಸಾಲಾಗಿ ಇಟ್ಟಿಗೆ ಕಾಣುವ ಗೋಡೆಯನ್ನು ನೇರ ನಿಂತು ತೆಗೆಯಿರಿ. ಆಮೇಲೆ ಕ್ಯಾಮೆರಾ ತಲೆಕೆಳಗು ಮಾಡಿ ಅದೇ ಗೋಡೆ ತೆಗೆಯಿರಿ. ಎರಡು ಫೋಟೊಗಳನ್ನೂ ಕ್ಯಾಮೆರಾದಿಂದ ಬಂದ ಹಾಗೇ, ತಿರುಗಿಸದೆ ನೋಡಿ. ಎರಡರಲ್ಲೂ ಫ್ರೇಮಿನ ಅದೇ ಬದಿ ಮಬ್ಬಾಗಿದ್ದರೆ ಒಳಗಿನ ಗಾಜು ವಾಲಿದೆ. ಲೆನ್ಸ್ ಕೆಳಗೆ ಬಿದ್ದ ಮೇಲೆ ಹೀಗಾಗುತ್ತದೆ. ಇದಕ್ಕೆ ಮನೆಮದ್ದು ಇಲ್ಲ.

ಜೂಮ್ ತಿರುಗಿಸುವಾಗ ಕರಕರ ಸದ್ದು, ಲೆನ್ಸ್ ಬುಡದಲ್ಲಿ ಅಲುಗಾಟ, ಒಳಗೆ ನೀರು ಹೋದ ಗುರುತು, ಇವು ಯಾವುದಿದ್ದರೂ ಬಳಸುವುದು ನಿಲ್ಲಿಸಿ. ನೀರು ಹೋಗಿದ್ದರೆ ಬ್ಯಾಟರಿ ತೆಗೆದಿಡಿ, ಆನ್ ಮಾಡಿ ನೋಡುವ ಆಸೆ ಬೇಡ, ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬೇಡ.

ಸರ್ವೀಸ್ ಸೆಂಟರಿಗೆ ಹೋಗುವಾಗ ಕ್ಯಾಮೆರಾ, ಲೆನ್ಸ್ ಎರಡನ್ನೂ ಒಯ್ಯಿರಿ. ಮೇಲಿನ ಪರೀಕ್ಷೆಯ ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಳ್ಳಿ. ‘ಫೋಟೊ ಮಬ್ಬು ಬರ್ತಿದೆ’ ಅನ್ನುವ ಬದಲು ‘ಬಲಬದಿ ಮಾತ್ರ ಮಬ್ಬು, 400ರಿಂದ ಮೇಲೆ’ ಅಂತ ಹೇಳಿದರೆ ಅವರಿಗೂ ಕೆಲಸ ಸುಲಭ, ನಿಮಗೂ ಬೇಡದ ರಿಪೇರಿಯ ಬಿಲ್ಲು ತಪ್ಪುತ್ತದೆ. ಕೊಡುವ ಮೊದಲು ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ವಾಪಸ್ ಬಂದ ದಿನವೇ ಅದೇ ಗೋಡೆಯ ಮುಂದೆ ನಿಂತು ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿ.